ಅರಿಸಿನ ಹಚ್ಚಿ ಬಿಟ್ಟ ಮೀನು

ಈ ಬೇಸಿಗೆಯಲ್ಲಿ ನ್ಯಾಮತಿಯ ನಮ್ಮ ಬೀದಿಯಲ್ಲಿ ನಾಲ್ಕಾರು ಮನೆಗೆ ವಾಂತಿಭೇದಿ ಹತ್ತಿತೆಂದು ಆರೋಗ್ಯದವರು ಬಂದು ಬಾವಿಗಳಿಗೆಲ್ಲ ಪರ್ಮಾಂಗನೇಟಿನ ಹರಳು ಹಾಕಿ ಹೋದರು. ಮಾರನೆಯ ಬೆಳಿಗ್ಗೆ ಹಿತ್ತಲ ಬಾವಿಯಲ್ಲಿ ಸೇದಿದ ನೀರು ತಿಳಿ ಗುಲಾಬಿ ಬಣ್ಣಕ್ಕಿತ್ತು. ನಾನು ಆಗಷ್ಟೇ ಅರಿಸಿನ ಕುಟ್ಟಿ ಎದ್ದು ಬಂದಿದ್ದೆ. ಆ ಕೈಯನ್ನೇ ಬಕೆಟ್ಟಿಗೆ ಅದ್ದಿದೆ. ಒದ್ದೆ ಅರಿಸಿನದ ಘಾಟು ಮೂಗಿಗೆ ಬಡಿದದ್ದೇ ತಡ, ಮುಖವೆಲ್ಲ ಬಿಸಿಯಾಯಿತು. ಹಿತ್ತಲಲ್ಲಿ ನನ್ನ ಹೊರತು ಒಂದು ನರಪಿಳ್ಳೆಯೂ ಇರಲಿಲ್ಲ. ಆದರೂ ಯಾರೋ ನೋಡಿಬಿಟ್ಟರು ಎಂಬಂತೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಬಂದೆ.

ಆ ನೀರಿಗೂ ಈ ಘಾಟಿಗೂ ನನಗೂ ಹಳೆಯ ಸಂಬಂಧವಿದೆ. ತುರ್ತುಪರಿಸ್ಥಿತಿ ಮುಗಿದ ಮರುವರ್ಷ, ಚನ್ನಗಿರಿ ತಾಲ್ಲೂಕಿನ ಒಂದು ಕೆರೆಯ ದಂಡೆಯಲ್ಲಿ ನಾವು ಕಳೆದ ಒಂದು ವರ್ಷದ ಸಂಬಂಧ.

ನಾನು ಜಗಳೂರಿನವಳು. ನಮ್ಮಪ್ಪನದು ಶೇಂಗಾ ವ್ಯಾಪಾರ. ನೀರೆಂದರೆ ಕೊಡದಲ್ಲಿ ಅಳೆಯುವ ವಸ್ತು ಎಂದು ತಿಳಿದು ಬೆಳೆದವಳು. ಗಣಿತದಲ್ಲಿ ಬಿ.ಎಸ್ಸಿ. ಮುಗಿಸಿ, ಒಳ್ಳೆಯ ಅಂಕವನ್ನೂ ತೆಗೆದು, ಕೊನೆಗೆ ಅಡಿಕೆ ವ್ಯಾಪಾರದ ಮನೆಯೊಂದಕ್ಕೆ ಸೊಸೆಯಾಗಿ ನ್ಯಾಮತಿಗೆ ಬಂದೆ. ನಮ್ಮವರು ಮಾತ್ರ ಅಡಿಕೆ ಮುಟ್ಟಲಿಲ್ಲ. ಹೊನ್ನಾಳಿಯಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರಾಗಿದ್ದರು. ಮದುವೆಯಾಗಿ ಆರೇಳು ವರ್ಷವಾದರೂ ನಮಗೆ ಮಕ್ಕಳಾಗಿರಲಿಲ್ಲ. ಅತ್ತೆಯವರು ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ. ಯಾರ ಮನೆಯ ತೊಟ್ಟಿಲ ಶಾಸ್ತ್ರಕ್ಕೆ ಕರೆ ಬಂದರೂ ನನ್ನನ್ನು ಮನೆ ಕಾಯಲು ಬಿಟ್ಟು ಹೋಗುತ್ತಿದ್ದರು, ಅಷ್ಟೇ. ಹಾಗಾಗಿ ಇವರು ಪಿಎಚ್.ಡಿ.ಗೆಂದು ಒಂದು ವರ್ಷ ರಜೆ ಹಾಕಿ ಕೆರೆಯೊಂದರ ಪಕ್ಕ ಮನೆ ಮಾಡುತ್ತೇನೆ ಎಂದಾಗ ನಾನು ಮೊದಲು ಪೆಟ್ಟಿಗೆ ಕಟ್ಟಿದೆ, ಆಮೇಲೆ ಯಾವ ಕೆರೆ ಎಂದು ಕೇಳಿದೆ.

ಕತ್ತಲಗೆರೆಯಿಂದ ಬಂಡಿದಾರಿಯಲ್ಲಿ ಒಳಗೆ ಹೋದರೆ ಆ ಊರು. ಕೆರೆ ದೊಡ್ಡದು, ಊರು ಚಿಕ್ಕದು. ಕೆರೆಯ ಮೀನು ಹಿಡಿಯುವ ಹಕ್ಕು ಅಲ್ಲಿನ ಬೆಸ್ತರ ಸಂಘದ್ದು. ವರ್ಷವರ್ಷವೂ ಮೀನುಗಾರಿಕೆ ಇಲಾಖೆಯವರು ಅದನ್ನು ಮುಂದುವರಿಸಬೇಕಿತ್ತು. ಆ ಹಕ್ಕು ಇದ್ದರೆ ಆ ಕೇರಿಯಲ್ಲಿ ಒಲೆ ಉರಿಯುತ್ತಿತ್ತು, ಇಲ್ಲದಿದ್ದರೆ ಇಲ್ಲ. ಸಂಘದ ಯಜಮಾನ ಹನುಮಂತಪ್ಪ, ಮಾತು ಕಡಿಮೆಯ ಮನುಷ್ಯ. ಆ ಕೊರತೆಯನ್ನು ಅವನ ಹೆಂಡತಿ ನಿಂಗವ್ವ ಬಡ್ಡಿಸಮೇತ ತುಂಬುತ್ತಿದ್ದಳು. ಅವಳು ಮೀನಿನ ಬುಟ್ಟಿ ಹೊತ್ತು ನಮ್ಮ ಮನೆಯ ಮುಂದೆ ಹಾಯುವಾಗ, ತಿನ್ನದವರ ಮನೆಯೆಂದು ಬುಟ್ಟಿಯನ್ನು ಆಚೆ ಮಗ್ಗುಲಿಗೆ ಸರಿಸಿಕೊಂಡು, ಹೊಸ್ತಿಲಾಚೆಯೇ ನಿಂತು ಕ್ಷೇಮಸಮಾಚಾರ ಕೇಳುತ್ತಿದ್ದಳು.

ಇವರ ಸಂಶೋಧನೆ ಇಷ್ಟು: ಆ ಕೆರೆಯಲ್ಲಿ ಎಷ್ಟು ಮೀನಿವೆ, ವರ್ಷಕ್ಕೆ ಎಷ್ಟು ಹೆಚ್ಚುತ್ತವೆ, ಎಷ್ಟು ಹಿಡಿದರೆ ಕೆರೆ ಬರಿದಾಗುವುದಿಲ್ಲ. ಪ್ರಾಣಿಗಳ ಹೆಸರು, ಮೂಳೆ, ಕಿವಿರು ಎಲ್ಲ ಇವರಿಗೆ ಅಂಗೈಮೇಲಿತ್ತು. ಸಮೀಕರಣ ಕಂಡರೆ ಮಾತ್ರ ಬೆವರುತ್ತಿದ್ದರು. ಅಲ್ಲಿ ನಾನು ಬೇಕಾದೆ. ಒಗ್ಗರಣೆ ಹಾಕಿ ಹಾಕಿ ಜಂಗು ಹಿಡಿದಿದ್ದ ನನ್ನ ಕಲನಶಾಸ್ತ್ರವನ್ನು ಹೊರಗೆ ತೆಗೆದು ಉಜ್ಜಿದೆ. ಎಷ್ಟು ಸಂತೋಷವಾಯಿತೆಂದರೆ, ಆ ವರ್ಷ ಅನ್ನ ಹೊತ್ತಿಸಿದ ಹಾಗೆ ನಾನು ಎಂದೂ ಹೊತ್ತಿಸಿಲ್ಲ.

ಎಣಿಸಲಾಗದ್ದನ್ನು ಎಣಿಸುವ ಉಪಾಯ ಸುಲಭದ್ದು. ಒಂದು ಚೀಲ ಮಂಡಕ್ಕಿಯಲ್ಲಿ ಎಷ್ಟು ಕಾಳಿವೆ ಎಂದು ತಿಳಿಯಬೇಕೆನ್ನಿ. ಒಂದು ಹಿಡಿ ಮಂಡಕ್ಕಿಗೆ ಅರಿಸಿನ ಹಚ್ಚಿ, ಎಣಿಸಿ, ಚೀಲಕ್ಕೆ ಹಾಕಿ ಚೆನ್ನಾಗಿ ಕುಲುಕಬೇಕು. ಆಮೇಲೆ ಕಣ್ಣುಮುಚ್ಚಿ ಒಂದು ಬೊಗಸೆ ತೆಗೆದು, ಅದರಲ್ಲಿ ಹಳದಿ ಎಷ್ಟು, ಬಿಳಿ ಎಷ್ಟು ಎಂದು ನೋಡಬೇಕು. ಹಳದಿ ಹೆಚ್ಚು ಸಿಕ್ಕರೆ ಚೀಲ ಸಣ್ಣದು, ಅಪರೂಪಕ್ಕೆ ಸಿಕ್ಕರೆ ಚೀಲ ದೊಡ್ಡದು. ತ್ರೈರಾಶಿಯ ಲೆಕ್ಕ. ಬೊಗಸೆ ತೆಗೆಯುವವರು ಹಳದಿ ಕಾಳನ್ನು ಆರಿಸಿ ವಾಪಸು ಹಾಕಬಾರದು, ಅದೊಂದೇ ಷರತ್ತು. ಅಂಥ ಷರತ್ತು ಯಾರು ಮುರಿಯುತ್ತಾರೆ ಎಂದು ನಾವು ಅದರ ಬಗ್ಗೆ ತಲೆಕೆಡಿಸಿಕೊಳ್ಳಲಿಲ್ಲ.

ಮೀನಿಗೆ ಇವರು ಹಿತ್ತಾಳೆ ತಂತಿಯ ಉಂಗುರ ಮಾಡಿಸಿದ್ದರು. ಮಳೆ ನಿಂತು ಕೆರೆ ತಿಳಿಯಾದ ಮೇಲೆ ದಿನಾ ಬೆಳಿಗ್ಗೆ ಹರಿಗೋಲಿನಲ್ಲಿ ಹೊರಡುತ್ತಿದ್ದೆವು. ಹನುಮಂತಪ್ಪನ ಕಡೆಯವರು ಬಲೆ ಎಳೆದುಕೊಟ್ಟು ದಂಡೆಗೆ ಹೋಗಿ ಕೂರುತ್ತಿದ್ದರು. ಇವರು ಒಂದೊಂದು ಮೀನನ್ನೂ ಎತ್ತಿ ಬೆನ್ನಿನ ರೆಕ್ಕೆಯ ಬುಡಕ್ಕೆ ಉಂಗುರ ಚುಚ್ಚಿ, ಅಳತೆಯನ್ನು ಬಾಯಲ್ಲೇ ಗುಣುಗುಣು ಹೇಳಿಕೊಳ್ಳುತ್ತಿದ್ದರು. ಗಾಯ ಕೀವಾಗದಿರಲೆಂದು ನಾನು ಅದಕ್ಕೆ ಅರಿಸಿನ ಒತ್ತುತ್ತಿದ್ದೆ, ಪರ್ಮಾಂಗನೇಟಿನ ಕೆಂಪು ನೀರಿನಲ್ಲಿ ಒಮ್ಮೆ ಅದ್ದಿ, ಎರಡೂ ಕೈಯಲ್ಲಿ ಹಿಡಿದು ಮೆಲ್ಲನೆ ಕೆರೆಗೆ ಬಿಡುತ್ತಿದ್ದೆ. ಮೀನು ಮುಟ್ಟಿದ ಮೇಲೆ ಹೇಗೂ ಸ್ನಾನವಾಗಬೇಕು, ಆದರೂ ಹುಟ್ಟಿದಂದಿನಿಂದ ಬಂದ ಅಭ್ಯಾಸ, ಹೊರಡುವ ಮೊದಲೂ ತಲೆಗೆ ನೀರು ಹಾಕಿಕೊಂಡೇ ಹೊರಡುತ್ತಿದ್ದೆ. ಒದ್ದೆ ಕೂದಲ ತುದಿಗೆ ಗಂಟು ಹಾಕಿಕೊಂಡು ಹರಿಗೋಲಿನಲ್ಲಿ ಕೂತಿರುತ್ತಿದ್ದೆ. ದಂಡೆಯಲ್ಲಿ ಕೂತವರ ಕಣ್ಣಿಗೆ ಇದೆಲ್ಲ ಹೇಗೆ ಕಾಣುತ್ತಿದೆ ಎಂದು ಒಂದು ದಿನವೂ ಯೋಚಿಸಲಿಲ್ಲ.

ಉಂಗುರದ ಮೀನು ಸಿಕ್ಕರೆ ತಂದು ತೋರಿಸಿ, ಮೀನು ನೀವೇ ಇಟ್ಟುಕೊಳ್ಳಿ, ಜೊತೆಗೆ ಬಲೆಗೆ ಒಂದು ಉಂಡೆ ನೈಲಾನ್ ದಾರ ಇನಾಮು ಎಂದು ಇವರು ಸಂಘದ ಎಲ್ಲರನ್ನೂ ಕೂಡಿಸಿ ಹೇಳಿದರು. ಎಲ್ಲರೂ ತಲೆಯಾಡಿಸಿದರು. ಕೆಲವರು ನನ್ನ ಕಡೆ ನೋಡಿ ಮತ್ತೆ ನೆಲ ನೋಡಿದ ನೆನಪು.

ಚಳಿಗಾಲವೆಲ್ಲ ನಾವು ಉಂಗುರಕ್ಕೆ ಕಾದೆವು. ಬಲೆ ದಿನಾ ಬೀಳುತ್ತಿತ್ತು, ಬುಟ್ಟಿ ತುಂಬಿ ಚನ್ನಗಿರಿ ಸಂತೆಗೆ ಹೋಗುತ್ತಿತ್ತು. ಇವರು ದಂಡೆಯಲ್ಲಿ ನಿಂತು ಒಂದೊಂದು ಬುಟ್ಟಿಯನ್ನೂ ನೋಡುತ್ತಿದ್ದರು. ಉಂಗುರವಿಲ್ಲ. ಗಾಳ ಹಾಕಲು ಪರ ಊರಿನಿಂದ ಬರುತ್ತಿದ್ದ ಯಾರೋ ಒಬ್ಬಿಬ್ಬರು ತಂದುಕೊಟ್ಟ ಬೆರಳೆಣಿಕೆಯಷ್ಟೇ ನಮಗೆ ದಕ್ಕಿದ್ದು. ದಾರದ ಉಂಡೆಗಳು ಮೂಲೆಯಲ್ಲಿ ಹಾಗೇ ಬಿದ್ದಿದ್ದವು.

ಬೇಸಿಗೆ ಬರುವ ಮೊದಲು ನಾನು ಲೆಕ್ಕ ಹಾಕಲು ಕೂತೆ. ಹಿಡಿದ ಮೀನು ಅಷ್ಟೊಂದು, ಅದರಲ್ಲಿ ಉಂಗುರದ್ದು ಇಷ್ಟೇ. ತ್ರೈರಾಶಿ ಮಾಡಿದರೆ ಬಂದ ಸಂಖ್ಯೆ ನೋಡಿ ನನಗೇ ನಗು ಬಂತು. ಕೆರೆಯಲ್ಲಿ ನೀರಿಗಿಂತ ಮೀನೇ ಹೆಚ್ಚಿರಬೇಕು ಎಂದೆ. ಇವರು ನಗಲಿಲ್ಲ. ಮತ್ತೆ ಹಾಕು ಎಂದರು. ಮತ್ತೆ ಹಾಕಿದೆ, ಅದೇ ಬಂತು. ಆ ಸಂಖ್ಯೆಯನ್ನು ಹಿಡಿದು ಏರಿಕೆಯ ಸಮೀಕರಣಕ್ಕೆ ಹೋದೆ. ಅದರ ತಿರುಳು ಇಷ್ಟೇ: ಯಾವುದೇ ಕೆರೆಗೆ ತಾಳುವ ಮಿತಿಯೊಂದಿರುತ್ತದೆ. ಮೀನು ತೀರಾ ಕಡಿಮೆಯಿದ್ದಾಗ ಸಂತಾನ ನಿಧಾನ, ಮಿತಿಯ ಹತ್ತಿರ ಬಂದಾಗ ಉಣಿಸು ಸಾಲದೆ ಮತ್ತೆ ನಿಧಾನ. ನಡುವೆ ಎಲ್ಲೋ ಏರಿಕೆ ಅತಿ ಜೋರು. ಅಲ್ಲಿ ನಿಲ್ಲಿಸಿಕೊಂಡು, ಏರಿದಷ್ಟನ್ನೇ ವರ್ಷವರ್ಷವೂ ಹಿಡಿದರೆ ಕೆರೆ ಎಂದೆಂದಿಗೂ ಬರಿದಾಗದು. ಏರಿದ್ದಕ್ಕಿಂತ ಹೆಚ್ಚು ಹಿಡಿದರೆ ಗೆರೆ ಕೆಳಗೆ ಬಾಗುತ್ತದೆ, ಬಾಗುತ್ತಾ ಬಾಗುತ್ತಾ ಒಮ್ಮೆಲೇ ಬೀಳುತ್ತದೆ. ಆ ಎರಡೂ ಗೆರೆಗಳನ್ನು ನಾನು ಚೌಕುಳಿ ಹಾಳೆಯ ಮೇಲೆ ಎಳೆದೆ. ಏರುವ ಗೆರೆ ಎಷ್ಟು ಚಂದ ಬಂದಿತ್ತೆಂದರೆ ಅದನ್ನೇ ನೋಡುತ್ತ ಕೂತೆ. ಬೀಳುವ ಗೆರೆಯನ್ನು ಶಾಸ್ತ್ರಕ್ಕೆಂದು ಎಳೆದಿದ್ದೆ, ಅಷ್ಟೇ.

ಸುದ್ದಿ ಇಲಾಖೆಯ ಸಾಹೇಬರಿಗೆ ಮುಟ್ಟಿತು. ಜೀಪಿನಲ್ಲಿ ಬಂದರು, ನನ್ನ ಗೆರೆ ನೋಡಿದರು, ಭೇಷ್ ಎಂದರು. ಇಷ್ಟು ಮೀನಿರುವ ಕೆರೆಯಲ್ಲಿ ಈ ಹರಿಗೋಲಿನವರು ಉಗುರಿನಲ್ಲಿ ಕೆರೆಯುತ್ತಿದ್ದಾರೆ ಎಂದರು. ತಿಂಗಳೊಪ್ಪತ್ತಿನಲ್ಲಿ ಹೊರಗಿನ ಗುತ್ತಿಗೆದಾರನೊಬ್ಬ ದೊಡ್ಡ ಬಲೆ, ಮೋಟಾರು ದೋಣಿ, ಐಸಿನ ಲಾರಿ ಸಮೇತ ಬಂದಿಳಿದ. ಸಂಘದ ಹಕ್ಕು ಸಂಘಕ್ಕಿರಲಿ, ಹೆಚ್ಚಿನದು ಇವನು ಹಿಡಿಯಲಿ ಎಂದು ಅಪ್ಪಣೆಯಾಗಿತ್ತು. ಹನುಮಂತಪ್ಪ ಒಂದು ಸಂಜೆ ಬಂದು ಜಗುಲಿಯಲ್ಲಿ ಕೂತ. ಕೆರೇಲಿ ಅಷ್ಟು ಮೀನಿಲ್ಲ ಎಂದು ಇವರಿಗೆ ಮೂರು ಸಲ ಹೇಳಿದ. ಇವರು ಮೂರು ಸಲವೂ ನನ್ನ ಹಾಳೆ ತೋರಿಸಿದರು. ಅವನು ಹಾಳೆಯನ್ನು ನೋಡಿ, ಒಳಬಾಗಿಲಲ್ಲಿ ನಿಂತ ನನ್ನನ್ನು ನೋಡಿ, ಏನೋ ಹೇಳಲು ಹೊರಟವನು ನುಂಗಿಕೊಂಡು ಎದ್ದು ಹೋದ.

ಗುತ್ತಿಗೆದಾರನ ಬಲೆ ಬಿದ್ದ ಮೊದಲ ದಿನವೇ ಅವನ ಆಳುಗಳು ಉಂಗುರಗಳನ್ನು ತಂದರು. ಎರಡನೆಯ ದಿನವೂ ತಂದರು. ಮೂಲೆಯಲ್ಲಿದ್ದ ದಾರದ ಉಂಡೆಗಳೆಲ್ಲ ವಾರದೊಳಗೆ ಖಾಲಿಯಾದವು. ಇವರಿಗೆ ಮೊದಲು ಖುಷಿಯಾಯಿತು, ಆಮೇಲೆ ಮುಖ ಕಪ್ಪಾಯಿತು. ಅದೇ ಕೆರೆ, ಅದೇ ಮೀನು. ಹೊರಗಿನವರ ಬಲೆಗೆ ರಾಶಿ ರಾಶಿ ಬೀಳುವ ಉಂಗುರ ಊರವರ ಬಲೆಗೆ ಇಡೀ ಚಳಿಗಾಲ ಏಕೆ ಬೀಳಲಿಲ್ಲ? ನಾನು ಹೊಸ ಅಂಕಿಗಳಿಂದ ಲೆಕ್ಕ ಹಾಕಿದೆ. ಕೆರೆ ಕುಗ್ಗಿ ಕುಗ್ಗಿ ಹನುಮಂತಪ್ಪ ಹೇಳಿದಷ್ಟಕ್ಕೆ ಬಂದು ನಿಂತಿತು. ಅಷ್ಟು ಹೊತ್ತಿಗೆ ಐಸಿನ ಲಾರಿಗಳು ನನ್ನ ಬೀಳುವ ಗೆರೆಯ ಅರ್ಧಕ್ಕಿಂತ ಕೆಳಗೆ ಕೆರೆಯನ್ನು ಇಳಿಸಿದ್ದವು. ಮುಂಗಾರು ಹಿಡಿಯುವ ಮೊದಲೇ ಗುತ್ತಿಗೆದಾರ ಏನೂ ಸಿಗುವುದಿಲ್ಲವೆಂದು ಬಲೆ ಸುತ್ತಿಕೊಂಡು ಹೊರಟುಹೋದ. ಊರವರ ಹರಿಗೋಲುಗಳು ಬೆಳಿಗ್ಗೆ ಹೋಗಿ ಮಧ್ಯಾಹ್ನ ಬರಿಗೈಲಿ ಬರುತ್ತಿದ್ದವು. ಬೆಸ್ತರ ಹೆಣ್ಣುಮಕ್ಕಳು ಕತ್ತಲಗೆರೆಯ ಕಡೆ ಸಸಿ ನೆಡುವ ಕೂಲಿಗೆ ಹೋಗತೊಡಗಿದರು. ನಿಂಗವ್ವನ ತಲೆಯ ಮೇಲೆ ಬುಟ್ಟಿ ಕಾಣದೆ ಎಷ್ಟೋ ದಿನವಾಗಿತ್ತು.

ಸಾಹೇಬರು ಮತ್ತೆ ಬಂದರು. ಈ ಸಲ ಭೇಷ್ ಎನ್ನಲಿಲ್ಲ. ನಿಮ್ಮ ಸಂಖ್ಯೆ ನಂಬಿ ನಾನು ಕೆಟ್ಟೆ ಎಂದು ಇವರ ಮೇಲೆ ಹಾಯ್ದರು. ಇವರು ಒಂದೇ ಉಸಿರಿನಲ್ಲಿ ಅದನ್ನು ಸಂಘದವರ ಮೇಲೆ ದಾಟಿಸಿದರು. ಸಾಹೇಬರು ನಮ್ಮ ಜಗುಲಿಯ ಮುಂದೆ ಎಲ್ಲರನ್ನೂ ಕರೆಸಿದರು. ಸಾಹೇಬರಿಗೆ ಕುರ್ಚಿ, ಇವರಿಗೆ ಕುರ್ಚಿ, ಬೆಸ್ತರೆಲ್ಲ ಅಂಗಳದಲ್ಲಿ ನಿಂತಿದ್ದರು. ಹನುಮಂತಪ್ಪ ವಲ್ಲಿಬಟ್ಟೆಯನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದಿದ್ದ. ಉಂಗುರದ ಮೀನುಗಳನ್ನು ತಿಂದು ಉಂಗುರ ಮುಚ್ಚಿಟ್ಟಿದ್ದೀರಿ, ಲೆಕ್ಕ ಕೆಡಿಸಿದ್ದೀರಿ, ಈ ವರ್ಷಕ್ಕೆ ಕೆರೆಯ ಹಕ್ಕು ರದ್ದು ಮಾಡುತ್ತೇನೆ ಎಂದರು ಸಾಹೇಬರು. ಆಗ ನನ್ನ ಗಂಡ, ಒಂದು ಇಡೀ ವರ್ಷ ಅವರ ಹರಿಗೋಲಿನಲ್ಲಿ ಕೂತು ಅವರ ಕೈಯ ಎಳನೀರು ಕುಡಿದವರು, ಹನುಮಂತಪ್ಪನ ಮುಖ ನೋಡಿ ಹೇಳಿದರು: "ಕಳ್ಳತನ ಮಾಡಿದವರಿಗೆ ಒಪ್ಪಿಕೊಳ್ಳುವ ಧೈರ್ಯವಾದರೂ ಇರಬೇಕು."

ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಹನುಮಂತಪ್ಪ ವಲ್ಲಿಯನ್ನು ಒಂದು ಸುತ್ತು ಹಿಂಡಿದ. ಹಿಂದಿನಿಂದ ನಿಂಗವ್ವ ಜನರನ್ನು ಸರಿಸಿಕೊಂಡು ಬಂದಳು. ಅವನು ಅವಳ ತೋಳು ಹಿಡಿದು, ಕಳ್ರು ಅಂದ್ರೆ ಅನ್ಲಿ, ಸುಮ್ಕಿರು ಎಂದ. ಅವಳು ಕೊಡವಿಕೊಂಡು ಬಂದು, ಕುರ್ಚಿಯವರನ್ನು ಬಿಟ್ಟು, ನನ್ನ ಕಡೆ ತಿರುಗಿ ಕೈಮುಗಿದಳು.

"ಅಮ್ಮಾರೇ, ತಪ್ಪು ತಿಳೀಬ್ಯಾಡ್ರಿ. ಬಾಯಿ ಬಿಟ್ರೆ ನಿಮ್ಮ ಹರಕೆ ಕೆಡ್ತೈತೆ ಅಂತ ಇಷ್ಟು ದಿನ ತಡಕೊಂಡ್ವಿ. ನೀವು ಮಡೀಲಿ ಕುಂತು, ಅರಿಸಿನ ಕುಂಕುಮದ ನೀರು ಹಾಕಿ, ಹರಕೆ ಮೀನಿಗೆ ಇಡೋ ಹಂಗೆ ಮೂಗುತಿ ಇಟ್ಟು ಬಿಟ್ಟ ಮೀನ ನಾವು ಹೆಂಗೆ ತಿನ್ನಾಣ? ತಿನ್ನದೋರು ಮೀನು ಹಿಡಿದು ಬಿಡ್ತಾರೆ ಅಂದ್ರೆ ಮಗಿ ಆಗ್ಲಿ ಅಂತಲ್ದೆ ಇನ್ಯಾತಕ್ಕೆ? ಬಲೀಗೆ ಬಿದ್ದಾಗೆಲ್ಲ ಕೆರೀಗೇ ಬಿಟ್ಟೀವಿ. ಒಂದೂ ತಿಂದಿಲ್ಲ. ನಿಮ್ಮ ಹೊಟ್ಟೆ ತಣ್ಣಗಾಗ್ಲಿ ಅಂತ ಬಿಟ್ಟೀವಿ."

ಸಾಹೇಬರು ಮೊದಲು ಅರ್ಥವಾಗದೆ ಇವರ ಮುಖ ನೋಡಿದರು, ಅರ್ಥವಾದ ಮೇಲೆ ಜೋರಾಗಿ ನಕ್ಕರು. ಲೆಕ್ಕ ಅಂತ ಹೇಳಿರಲಿಲ್ಲವೇ, ಇನಾಮು ಕೊಡುತ್ತೇನೆ ಅಂತ ಹೇಳಿರಲಿಲ್ಲವೇ ಎಂದು ಇವರು ತೊದಲಿದರು. ಓದಿದೋರಿಗೆ ಹರಕೆ ಅಂತ ಹೇಳಾಕೆ ನಾಚಿಕೆ, ಅದಕ್ಕೇ ಲೆಕ್ಕ ಅಂತಾರೆ, ಇನಾಮು ಅಂದದ್ದು ನಮ್ಮ ಮನಸು ನೋಡಾಕೆ ಅಂದ್ಕೊಂಡ್ವಿ ಎಂದಳು ನಿಂಗವ್ವ. ಹೋಗಲಿ, ಎಷ್ಟು ಬಿಟ್ಟಿರಿ ಅಂತಾದರೂ ಹೇಳಿ, ಲೆಕ್ಕ ಸರಿಮಾಡಿಕೊಳ್ಳುತ್ತೇವೆ ಎಂದು ಇವರು ಕೇಳಿದರು. ಪಾಪ, ಮುಳುಗುವವರು ಕಡ್ಡಿ ಹಿಡಿಯುವ ದನಿಯಲ್ಲಿ ಕೇಳಿದರು. ಅದಕ್ಕೆ ಹನುಮಂತಪ್ಪ ಮೊದಲ ಸಲ ಕುರ್ಚಿಯವರಿಗೆ ಉತ್ತರ ಕೊಟ್ಟ. "ಹರಕೆ ಮೀನ ಎಣಿಸಬಾರ್ದು ಮೇಷ್ಟ್ರೇ. ಎಣಿಸಿಲ್ಲ."

ಆ ಗಳಿಗೆಯ ನಾಚಿಕೆಯನ್ನು ಹೇಗೆ ಹೇಳಲಿ. ಮೊದಲು ಬಂದದ್ದು ಮೈಯ ನಾಚಿಕೆ. ನ್ಯಾಮತಿಯಲ್ಲಿ ಬಾಗಿಲು ಮುಚ್ಚಿಕೊಂಡು ಪಿಸುಗುಟ್ಟುತ್ತಿದ್ದ ಮಾತನ್ನು ಅಷ್ಟು ಗಂಡಸರ ನಡುವೆ, ನಗುವ ಒಬ್ಬ ಅಧಿಕಾರಿಯ ಮುಂದೆ ಬಿಚ್ಚಿಟ್ಟ ಹಾಗಾಗಿತ್ತು. ನನ್ನ ಬರಿಯ ಮಡಿಲನ್ನು ಇಡೀ ಕೇರಿ ಒಂದು ವರ್ಷದಿಂದ ನೋಡುತ್ತಿತ್ತು ಎಂದರೆ, ಎಲ್ಲಿ ಮುಖ ಇಟ್ಟುಕೊಳ್ಳುವುದು? ನಿಂಗವ್ವನ ಮೇಲೆ ಸಿಟ್ಟು ಬಂತು. ಸಿಟ್ಟು ಬಂದದ್ದಕ್ಕೆ ಮತ್ತೆ ನಾಚಿಕೆಯಾಯಿತು. ಅಂಗಳದಲ್ಲಿ ನಿಂತವರನ್ನು ನೋಡಿದರೆ ಅವರು ನನಗಿಂತ ಹೆಚ್ಚು ನಾಚಿಕೊಂಡು ನೆಲ ನೋಡುತ್ತಿದ್ದರು. ಹರಕೆ ಕೆಟ್ಟಿತಲ್ಲ ಎಂದು ಅವರ ದುಃಖ. ಕಳ್ಳ ಎಂದು ಕರೆಸಿಕೊಂಡ ನೋವು ಅವರಲ್ಲಿ ಯಾರ ಮುಖದಲ್ಲೂ ಇರಲಿಲ್ಲ. ಇವರು ಮಾತ್ರ ಕುರ್ಚಿಯ ಕೈಯನ್ನು ಉಜ್ಜುತ್ತ ಕೂತಿದ್ದರು. ಕ್ಷಮಿಸಿ ಎನ್ನುವ ಬದಲು, ಒಳಗೆ ಹೋಗಿ ಚಹಾ ಮಾಡು ಎಂದು ನನಗೆ ಹೇಳಿದರು.

ಚಹಾ ಮಾಡಿದೆ. ಸಾಹೇಬರೊಬ್ಬರೇ ಕುಡಿದರು.

ಮೇಲಿನವರಿಗೆ ಕಳಿಸಲು ಸಾಹೇಬರಿಗೆ ವರದಿ ಬರೆದುಕೊಡಬೇಕಿತ್ತು. ಇವರು ಎರಡು ದಿನ ಪೆನ್ನು ಕಚ್ಚಿಕೊಂಡು ಕೂತರು. ನಿಜ ಬರೆದರೆ ಹೆಂಡತಿಗೆ ಮಕ್ಕಳಿಲ್ಲದ್ದು ಸರಕಾರಿ ಕಾಗದದಲ್ಲಿ ಬರುತ್ತದೆ, ಮೀನಿಗೆ ಪೂಜೆ ಮಾಡಿದ ವಿಜ್ಞಾನಿ ಎಂದು ವಿಶ್ವವಿದ್ಯಾಲಯವೆಲ್ಲ ನಗುತ್ತದೆ. ಬರೆಯದಿದ್ದರೆ ಸಂಘದ ಹಕ್ಕು ಹೋಗುತ್ತದೆ. ಕೊನೆಗೆ, ಉಂಗುರಗಳ ತಂತಿ ತೆಳುವಾಗಿದ್ದರಿಂದ ಚಳಿಗಾಲದಲ್ಲಿ ಬಹುಪಾಲು ಉದುರಿಹೋದವು, ಸಂಘದವರದು ತಪ್ಪಿಲ್ಲ ಎಂದು ಬರೆದರು. ನಾನೇ ಅದನ್ನು ದುಂಡಗಿನ ಅಕ್ಷರದಲ್ಲಿ ನಕಲು ಮಾಡಿದೆ. ಚಳಿಗಾಲದಲ್ಲಿ ಉದುರಿದ ಉಂಗುರ ಬೇಸಿಗೆಯಲ್ಲಿ ಗುತ್ತಿಗೆದಾರನ ಬಲೆಗೆ ಹೇಗೆ ಬಂತು ಎಂದು ಸಾಹೇಬರು ಕೇಳಲಿಲ್ಲ. ಕೇಳಿದ್ದರೆ ಗುತ್ತಿಗೆದಾರನನ್ನು ಕೆರೆಗೆ ಇಳಿಸಿದ್ದಕ್ಕೆ ಅವರೂ ಉತ್ತರ ಹೇಳಬೇಕಾಗಿತ್ತಲ್ಲ. ಸಂಘಕ್ಕೆ ಹಕ್ಕು ಉಳಿಯಿತು. ಬರಿದಾದ ಕೆರೆಯ ಹಕ್ಕು.

ಆ ಊರಿನಲ್ಲಿ ಉಳಿದ ದಿನಗಳಲ್ಲಿ ನಾನು ಹೊರಗೆ ಬೀಳಲೇ ಇಲ್ಲ. ನೀರು ತರಲು ಹೋದರೆ ಹೆಂಗಸರು ದಾರಿ ಬಿಟ್ಟು ನಿಲ್ಲುತ್ತಿದ್ದರು, ಸಾವಿನ ಮನೆಯವರಿಗೆ ಬಿಡುವ ಹಾಗೆ. ಇವರೂ ನಾನೂ ಊಟದ ಹೊತ್ತಿನಲ್ಲಿ ಉಪ್ಪು, ಮಜ್ಜಿಗೆ ಎನ್ನುವುದರಾಚೆ ಮಾತಾಡಲಿಲ್ಲ. ನನ್ನ ಏರುವ ಗೆರೆಯ ಹಾಳೆ ಗೋಡೆಯ ಮೇಲೆ ಹಾಗೇ ಇತ್ತು. ಅದರಲ್ಲಿ ಈಗಲೂ ಒಂದೂ ತಪ್ಪಿರಲಿಲ್ಲ. ಕೂಡುವುದು, ಕಳೆಯುವುದು, ಗುಣಿಸುವುದು ಎಲ್ಲ ಸರಿ. ಒಬ್ಬರ ಮನೆಯ ಸೊಸೆಗೆ ಮಗುವಾಗಲೆಂದು ಒಂದು ಕೇರಿಯೇ ಕೈಗೆ ಬಂದ ಮೀನನ್ನು ಬಿಟ್ಟುಬಿಡಬಹುದು ಎಂಬುದಕ್ಕೆ ಆ ಸಮೀಕರಣದಲ್ಲಿ ಜಾಗವಿರಲಿಲ್ಲ, ಅಷ್ಟೇ.

ಹೊರಡುವ ದಿನ ಜಡಿಮಳೆ. ಕತ್ತಲಗೆರೆಯಲ್ಲಿ ಹೊನ್ನಾಳಿ ಕಡೆಯ ಬಸ್ಸಿಗೆ ಕಾಯುತ್ತ ಒಂದು ಅಂಗಡಿಯ ಸೂರಿನಡಿ ನಿಂತಿದ್ದೆವು. ಸಸಿ ನೆಡುವ ಗದ್ದೆಯಿಂದ ಗೋಣಿಕೊಪ್ಪೆ ಹಾಕಿಕೊಂಡು ನಿಂಗವ್ವ ಬಂದಳು, ಮೊಣಕಾಲಿನವರೆಗೂ ಕೆಸರು. ಇವರು ಸಾಮಾನು ನೋಡುವ ನೆವದಲ್ಲಿ ಆಚೆ ಸರಿದರು. ಅವಳು ಎಂದಿನಂತೆ ಗದ್ದೆ, ಮಳೆ, ಕೂಲಿಯವಳ ಜಗಳ ಎಲ್ಲ ಹೇಳಿದಳು. ನಾನು ತಲೆಯೆತ್ತದೆ ಕೇಳಿದೆ. ಬಸ್ಸಿನ ಸದ್ದಾದಾಗ ಧೈರ್ಯ ಮಾಡಿ, ಹರಕೆ ಅಲ್ಲವೆಂದು ಈಗ ಗೊತ್ತಾಯಿತಲ್ಲ, ಇನ್ನು ಮೇಲೆ ಉಂಗುರದ ಮೀನು ಸಿಕ್ಕರೆ ಬಿಡಬೇಡಿ, ದಯವಿಟ್ಟು ತಿನ್ನಿ ಎಂದೆ. ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣಗಿತ್ತು.

ಅವಳು ನಕ್ಕಳು. ನಿನ್ನೆಯೂ ಒಂದು ಬಿದ್ದಿತ್ತು, ದೊಡ್ಡದು, ಬಿಟ್ಟೆವು ಎಂದಳು. ಆಮೇಲೆ ಕೆಸರಿನ ಕೈ ತಾಗಬಾರದೆಂದು ಹಿಂದೆ ಕಟ್ಟಿಕೊಂಡು, ನನ್ನ ಕಿವಿಯ ಹತ್ತಿರ ಬಗ್ಗಿದಳು.

"ನೀವು ಕಟ್ಟಿದ್ದು ಲೆಕ್ಕಕ್ಕೇ ಇರಬೌದು ಅಮ್ಮಾರೇ. ನಾವು ಬಿಟ್ಟಿದ್ದು ನಿಮಗೇ ಅಲ್ವೇನ್ರೀ."

ಕಂಡಕ್ಟರು ಸೀಟಿ ಊದಿದ. ನಾನು ಹತ್ತಿ ಕೂತೆ. ನಿನ್ನೆ ಅವರ ಮನೆಯಲ್ಲಿ ಸಾರು ಮಾಡಲು ಬೇರೆ ಮೀನಿರಲಿಲ್ಲ ಎಂದು ನನಗೆ ಗೊತ್ತಿತ್ತು.